ಹೊಸ ಪಿಕಪ್ಪಿನ ಎರಡು ಕ್ಲಿಪ್

ಗುಂಪು: ಕಾಲೇಜ್ ಬ್ಯಾಂಡ್ (ಜಗಳ ಮಾತ್ರ ಉಳಿದಿದೆ)

ಸುಧೀ: ಎರಡು ಕ್ಲಿಪ್ ಹಾಕಿದ್ದೇನೆ. ಗಿಟಾರಿನಲ್ಲಿ ತಂತಿಯ ಕಂಪನ ಹಿಡಿದು ಸಿಗ್ನಲ್ ಮಾಡುವ ಪಿಕಪ್ ಬದಲಾಯಿಸಿದೆ. ಮೊದಲನೆಯದು ಹಳೇ ಬ್ರಿಡ್ಜ್ ಪಿಕಪ್, ಎರಡನೆಯದು ಹೊಸದು. ಅದೇ ಗಿಟಾರ್, ಅದೇ ರಿಫ್, ಅದೇ ಕೈ. ಹೆಡ್‌ಫೋನ್ ಹಾಕಿ ಕೇಳಿ. ಹಳೇದು ಎಷ್ಟು ಮಂಕು ಅಂತ ಗೊತ್ತಾಗುತ್ತದೆ. ಇಷ್ಟು ವರ್ಷ ಇದನ್ನೇ ನುಡಿಸಿದ್ದೆ ಅಂತ ಬೇಜಾರು.

ಮಂಜ: ಎರಡನೆಯದು ಸೂಪರ್ ಮಾರಾಯ

ಗಿರಿ: ಎರಡನೆಯದೇ. ಕೇಳೋದೇ ಬೇಡ.

ರವಿ ಅಣ್ಣ: ವ್ಯತ್ಯಾಸ ಇದೆ, ಒಪ್ಪಿದೆ. ಆದರೆ ಮರ ಸರಿಯಿಲ್ಲದ ಗಿಟಾರಿಗೆ ಯಾವ ಪಿಕಪ್ ಹಾಕಿದರೂ ಅಷ್ಟೇ. ಮಹೋಗನಿ ಬಾಡಿಗೆ ಎರಡು ಸುರುಳಿಯ ಹಂಬಕರ್ ಪಿಕಪ್ ಕೂತಾಗ ಬರುವ ದಪ್ಪ ಇದರಲ್ಲಿ ಬರುವುದಿಲ್ಲ.

ಶಾಲಿನಿ: ಸುಧೀ, ಇದು ವಾಯ್ಸ್ ನೋಟ್. ಸ್ಪೀಕರಿಗೆ ಫೋನ್ ಹಿಡಿದು ರೆಕಾರ್ಡ್ ಮಾಡಿದ್ದೀಯ ಅಲ್ವಾ? ಫೋನಿನ ಮೈಕ್ ಒಂದಿಷ್ಟು ತಿಂದಿದೆ, ವಾಟ್ಸಾಪ್ ಹಿಂಡಿ ಇನ್ನೊಂದಿಷ್ಟು ತಿಂದಿದೆ. ಇದರಲ್ಲಿ ಟೋನ್ ನೋಡುವುದು ಹೇಗೆ? ವೇವ್ ಫೈಲನ್ನು ಡಾಕ್ಯುಮೆಂಟ್ ಆಗಿ ಕಳಿಸು.

ಸುಧೀ: ಈ ಸಂದೇಶವನ್ನು ಅಳಿಸಲಾಗಿದೆ

ಸುಧೀ: ಸರಿ, ತಗೋ. ಎರಡೂ ಫೈಲ್ ಹಾಕಿದ್ದೇನೆ. ನೀನು ಏನೋ ಹುಡುಕುತ್ತೀಯ ಅಂತ ಗೊತ್ತಿತ್ತು.

ಮಂಜ: ಪಾಪ್‌ಕಾರ್ನ್ ಎಮೋಜಿ ಹಾಕಿದ್ದೇನೆ ಅಂದುಕೊಳ್ಳಿ

ಶಾಲಿನಿ: ಕೇಳಿದೆ. ಎರಡನೆಯದು ಸುಮಾರು 4 ಡಿಬಿ ಜೋರಾಗಿದೆ. ಜೋರಾಗಿ ಇರುವುದೇ ಕಿವಿಗೆ ಚೆನ್ನಾಗಿ ಕೇಳುತ್ತದೆ, ಯಾರ ಕಿವಿಗಾದರೂ. ತಗ್ಗಿದ ಸದ್ದಿನಲ್ಲಿ ಬೇಸೂ ತುಟ್ಟತುದಿಯ ಸ್ವರಗಳೂ ನಮಗೆ ಕಡಿಮೆ ಕೇಳುತ್ತವೆ. ಫ್ಲೆಚರ್ ಮತ್ತು ಮನ್ಸನ್ ಅನ್ನುವ ವಿಜ್ಞಾನಿಗಳು ಇದನ್ನು 1933ರಲ್ಲೇ ಅಳೆದು ಬರೆದಿದ್ದಾರೆ. ಜೊತೆಗೆ ನೀನು ಆಂಪ್ ಸಿಮ್ಯುಲೇಟರ್, ಅಂದರೆ ಆಂಪ್ಲಿಫೈಯರ್ ಸದ್ದು ನಕಲು ಮಾಡುವ ಸಾಫ್ಟ್‌ವೇರ್, ಹಾಕಿದ್ದೀಯ. ಒಳಗೆ ಹೋಗುವ ಸಿಗ್ನಲ್ ಜಾಸ್ತಿ ಆದರೆ ಡಿಸ್ಟಾರ್ಷನ್ನೂ ಜಾಸ್ತಿ. ಹಾಗಾಗಿ ಕೊನೆಯಲ್ಲಿ ವಾಲ್ಯೂಮ್ ಸರಿ ಮಾಡಿದರೆ ಸಾಲದು, ಆಂಪಿಗೆ ಹೋಗುವ ಮೊದಲೇ ಸಮ ಮಾಡಬೇಕು.

ಸುಧೀ: ಹೊಸ ಪಿಕಪ್ ಹಾಟ್ ಆಗಿದೆ, ಅದಕ್ಕೇ ಜೋರು. ಅದೇ ಅದರ ಗುಣ. ಹಳೇದು 6 ಕಿಲೋಓಮ್, ಇದು 9.

ಶಾಲಿನಿ: ಆ ನಂಬರ್ ವೈರಿನ ರೆಸಿಸ್ಟೆನ್ಸ್ ಅಷ್ಟೇ. 42 ಗೇಜ್ ಬದಲು ಇನ್ನೂ ಸಣ್ಣ 43 ಗೇಜ್ ವೈರ್ ಸುತ್ತಿದರೆ ಸುತ್ತು ಅಷ್ಟೇ ಇದ್ದರೂ ಓಮ್ ಏರುತ್ತದೆ. ಮ್ಯಾಗ್ನೆಟ್ ಯಾವುದು, ಎಷ್ಟು ಸುತ್ತು, ತಂತಿಗೆ ಎಷ್ಟು ಹತ್ತಿರ ಇದೆ, ಇದೆಲ್ಲ ಸೇರಿ ಔಟ್‌ಪುಟ್. ಡಬ್ಬದ ಮೇಲಿನ ಓಮ್ ನೋಡಿ ಪಿಕಪ್ ಆರಿಸುವುದು ನನಗಂತೂ ಅರ್ಥ ಆಗಿಲ್ಲ.

ಶಾಲಿನಿ: ಇನ್ನೊಂದು ಪ್ರಶ್ನೆ. ಪಿಕಪ್ ಬದಲಾಯಿಸುವಾಗ ತಂತಿ ಬಿಚ್ಚಿದೆ. ಅದೇ ತಂತಿ ವಾಪಸ್ ಹಾಕಿದೆಯಾ?

ಸುಧೀ: ಅದನ್ನು ಯಾರು ಹಾಕುತ್ತಾರೆ? ಹೊಸ ಸೆಟ್ ಹಾಕಿದೆ.

ಗಿರಿ: ಓಹೋ

ಶಾಲಿನಿ: ಹಳೇ ಸೆಟ್ ಎಷ್ಟು ದಿನದ್ದು?

ಸುಧೀ: ನೆನಪಿಲ್ಲ. ಬಹಳ ದಿನ ಆಗಿತ್ತು. ಬಣ್ಣ ತಿರುಗಿತ್ತು.

ಮಂಜ: ಹಳೇ ಚಪ್ಪಲಿ ಬಿಸಾಕಿ, ಹೊಸದು ತಗೊಂಡು, ರಸ್ತೆಗೂ ಡಾಂಬರು ಹಾಕಿಸಿ, ಆಮೇಲೆ ಚಪ್ಪಲಿ ಏನು ಸುಖ ಅಂದ ಹಾಗಾಯಿತು 😂

ಸುಧೀ: ತಂತಿಯಿಂದ ಅಷ್ಟು ಬದಲಾಗುತ್ತದಾ? ಸುಮ್ನೆ ಹೇಳಬೇಡಿ.

ಶಾಲಿನಿ: ಆಗುತ್ತದೆ. ಬೆವರು, ಕೊಳೆ, ತುಕ್ಕು ಮೊದಲು ತಿನ್ನುವುದೇ ಮೇಲಿನ ಹಾರ್ಮಾನಿಕ್‌ಗಳನ್ನು. ಅದರಲ್ಲೂ ಸುತ್ತು ಹಾಕಿದ ಮೂರು ದಪ್ಪ ತಂತಿಗಳಲ್ಲಿ ಸುತ್ತಿನ ಸಂದಿಗೆ ಕೊಳೆ ಕೂರುತ್ತದೆ. ನಿನ್ನ ರಿಫ್ ಇರುವುದೇ ಆ ಮೂರರಲ್ಲಿ.

ರವಿ ಅಣ್ಣ: ತಂತಿ, ಪಿಕಪ್ ಎಲ್ಲ ಸರಿ. ಮರದ ಬಗ್ಗೆ ಯಾರೂ ಮಾತಾಡುತ್ತಿಲ್ಲ. 50ರ ದಶಕದ ಗಿಬ್ಸನ್ ಗಿಟಾರ್‌ಗಳಿಗೆ ಇವತ್ತೂ ಜನ ಸಾಯುತ್ತಾರಲ್ಲ, ಯಾಕೆ? ಆ ಮರ, ಆ ಪಿಎಎಫ್ ಪಿಕಪ್. ಈಗ ಅಂಥದ್ದು ಬರುವುದಿಲ್ಲ.

ಶಾಲಿನಿ: ಅಣ್ಣ, ಪಿಎಎಫ್ ಅಂದರೆ ಅದರ ಹಿಂದಿನ ಸ್ಟಿಕ್ಕರ್: 'ಪೇಟೆಂಟ್ ಅಪ್ಲೈಡ್ ಫಾರ್'. ಗಿಬ್ಸನ್ನಿನ ಸೆತ್ ಲವರ್ 1955ರಲ್ಲಿ ಹಂಬಕರ್‌ಗೆ ಪೇಟೆಂಟ್ ಕೇಳಿದರು, 1957ರಿಂದ ಲೆಸ್ ಪಾಲ್ ಗಿಟಾರಿನಲ್ಲಿ ಬಂತು. ಆಗ ಸುತ್ತಿನ ಲೆಕ್ಕ ಪ್ರತಿ ಪಿಕಪ್ಪಿಗೂ ಒಂದೇ ಇರುತ್ತಿರಲಿಲ್ಲ, ಮ್ಯಾಗ್ನೆಟ್ಟೂ ಕೈಗೆ ಸಿಕ್ಕಿದ್ದು. ಒಂದೊಂದು ಒಂದೊಂದು ಥರ. 'ಆ ಪಿಎಎಫ್ ಸೌಂಡ್' ಅನ್ನುವಾಗ ಯಾವ ಗಿಟಾರಿನದು ಅಂತಲೂ ಹೇಳಬೇಕಾಗುತ್ತದೆ.

ಗಿರಿ: ಮತ್ತೆ ಮೊಟ್ಟಮೊದಲು ಮಾರಾಟಕ್ಕೆ ಬಂದ ಎಲೆಕ್ಟ್ರಿಕ್ ಗಿಟಾರ್ ಮರದ್ದೇ ಅಲ್ಲ ಅಣ್ಣ. 1932ರ ರಿಕನ್‌ಬ್ಯಾಕರ್ 'ಫ್ರೈಯಿಂಗ್ ಪ್ಯಾನ್'. ಅಲ್ಯೂಮಿನಿಯಂ ಎರಕ ಹೊಯ್ದಿದ್ದು.

ರವಿ ಅಣ್ಣ: ಅದು ತೊಡೆ ಮೇಲೆ ಇಟ್ಟುಕೊಂಡು ಕಬ್ಬಿಣದ ಬಾರ್ ಜಾರಿಸಿ ನುಡಿಸುವ ಲ್ಯಾಪ್ ಸ್ಟೀಲ್. ಅದನ್ನೂ ಇದನ್ನೂ ಹೋಲಿಸಬೇಡ. ಮರ ಅಲುಗದಿದ್ದರೆ ನುಡಿಸುವವನ ಹೊಟ್ಟೆಗೆ ಕಂಪನ ಹೇಗೆ ತಾಗುತ್ತದೆ?

ಶಾಲಿನಿ: ಹೊಟ್ಟೆಗೆ ತಾಗುತ್ತದೆ, ನಿಜ. ಪಿಕಪ್ಪಿಗೆ ಕಾಣುವುದು ಮಾತ್ರ ಮ್ಯಾಗ್ನೆಟ್ಟಿನ ಎದುರು ತಂತಿ ಅಲ್ಲಾಡುವುದು. ಮರ ತಂತಿಯ ಕಂಪನವನ್ನು ಎಷ್ಟು ಬದಲಾಯಿಸುತ್ತದೋ ಅಷ್ಟೇ ಅದಕ್ಕೆ ಸಿಗುತ್ತದೆ. ಪೂರ್ತಿ ಸೊನ್ನೆ ಅಂತ ನಾನು ಹೇಳುತ್ತಿಲ್ಲ. ತಂತಿ, ಪಿಕಪ್ ಎತ್ತರ, ಸ್ಪೀಕರ್ ಇವುಗಳ ಮುಂದೆ ಅದು ಕೊನೆ ಸಾಲು ಅಂತ ಹೇಳುತ್ತಿದ್ದೇನೆ. ಹೋಗಲಿ, ಗಿಟಾರ್ ಕೈಗೆತ್ತಿಕೊಂಡರೆ ಖುಷಿ ಆಗಬೇಕು. ಭಾರ, ನೆಕ್ಕಿನ ದಪ್ಪ ನೋಡಿ ಮರ ಆರಿಸಿ. ಅದಕ್ಕೆ ನನ್ನ ತಕರಾರಿಲ್ಲ.

ರವಿ ಅಣ್ಣ: ತಕರಾರಿಲ್ಲ ಅಂತ ಹೇಳಿ ಕೊನೆ ಸಾಲಿನಲ್ಲಿ ಕೂರಿಸಿದೆ.

ಶಾಲಿನಿ: 😀

ಶಾಲಿನಿ: ಸುಧೀ, ಎರಡೂ ಡ್ರೈ ಟ್ರ್ಯಾಕ್ ಇಟ್ಟಿದ್ದೀಯಾ? ಆಂಪ್ ಇಲ್ಲದೆ, ಬರೀ ಗಿಟಾರಿನದು.

ಸುಧೀ: ಇದೆ. ಕಳಿಸುತ್ತೇನೆ.

(ಊಟದ ಹೊತ್ತಿನ ನಂತರ)

ಶಾಲಿನಿ: ಲೆವೆಲ್ ಸಮ ಮಾಡಿ, ಒಂದೇ ಆಂಪ್, ಒಂದೇ ಕ್ಯಾಬಿನೆಟ್ ಐಆರ್ (ಸ್ಪೀಕರ್ ಡಬ್ಬದ ಸದ್ದಿನ ನಕಲು) ಮೂಲಕ ಕಳಿಸಿದ್ದೇನೆ. ಹೆಸರು 'ಅ' ಮತ್ತು 'ಆ'. ಯಾವುದು ಯಾವುದು ಅಂತ ಹೇಳುವುದಿಲ್ಲ.

ಗಿರಿ: 'ಆ' ಚುರುಕಾಗಿದೆ. ಆದರೆ ಮೊದಲಿನಷ್ಟು ಅಂತರ ಇಲ್ಲ.

ಮಂಜ: ನನಗೆ 'ಅ' ಇಷ್ಟ ಆಯಿತು. ಕಿಕ್ ಡ್ರಮ್ ಜೊತೆ ಚೆನ್ನಾಗಿ ಕೂರುತ್ತದೆ.

ಶಾಲಿನಿ: ಮಂಜ, ನೀನು ಆರಿಸಿದ್ದು ಹಳೇ ಪಿಕಪ್, ಹಳೇ ತಂತಿ.

ಮಂಜ: ಡ್ರಮ್ಮರ್ ಕಿವಿ ಸ್ವಾಮಿ. ಬಂಗಾರ.

ಸುಧೀ: ಒಂದು ವಿಷಯ ಮುಚ್ಚಿಡುತ್ತಿದ್ದೀಯ ಶಾಲಿನಿ. ಗುಂಯ್ ಅನ್ನುವ ಸದ್ದು. ಹಳೇದರಲ್ಲಿ ರಿಫ್ ನಡುವೆ ಬಿಟ್ಟಲ್ಲೆಲ್ಲ ಗುಂಯ್ ಇದೆ. ಹೊಸದರಲ್ಲಿ ಇಲ್ಲ. ಇದು ತಂತಿಯಿಂದ ಬಂತಾ?

ಶಾಲಿನಿ: ಇಲ್ಲ. ಅದು ನೂರಕ್ಕೆ ನೂರು ಪಿಕಪ್ಪಿನದೇ. ಹಳೇದು ಸಿಂಗಲ್ ಕಾಯಿಲ್, ಒಂದೇ ಸುರುಳಿ. ಮನೆ ಕರೆಂಟಿನ ಗುಂಯ್ ಅದಕ್ಕೆ ನೇರ ಸಿಗುತ್ತದೆ. ಹೊಸದು ಹಂಬಕರ್, ಅದರಲ್ಲಿ ಎರಡು ಸುರುಳಿ. ಒಂದರ ಸುತ್ತೂ ಮ್ಯಾಗ್ನೆಟ್ಟಿನ ದಿಕ್ಕೂ ಇನ್ನೊಂದಕ್ಕೆ ಉಲ್ಟಾ. ಹೊರಗಿನ ಗುಂಯ್ ಒಂದನ್ನೊಂದು ಹೊಡೆದುಹಾಕುತ್ತದೆ, ತಂತಿಯ ಸಿಗ್ನಲ್ ಮಾತ್ರ ಕೂಡಿಕೊಳ್ಳುತ್ತದೆ. ಮನೆಯಲ್ಲಿ ಲ್ಯಾಪ್‌ಟಾಪ್ ಪಕ್ಕ ಕೂತು, ಜಾಸ್ತಿ ಗೇನ್ ಹಾಕಿ ರೆಕಾರ್ಡ್ ಮಾಡುವವನಿಗೆ ಇದು ದೊಡ್ಡ ಲಾಭ. ಈ ಕಾರಣಕ್ಕೇ ಬದಲಾಯಿಸಿದೆ ಅಂದಿದ್ದರೆ ನಾನು ಬಾಯಿ ಬಿಡುತ್ತಿರಲಿಲ್ಲ.

ಸುಧೀ: ಅಬ್ಬಾ, ಒಂದಾದರೂ ಒಪ್ಪಿದೆ.

ಶಾಲಿನಿ: ಆದರೆ ನಿನ್ನ ದೂರು ಮಂಕು ಅಂತ ಇತ್ತು, ಗುಂಯ್ ಅಂತಲ್ಲ. ಸಮ ಮಾಡಿ ಕೇಳಿದ ಮೇಲೆ ನನಗೆ ಎರಡೂ ಮಂಕಾಗಿಯೇ ಕಾಣುತ್ತಿವೆ. ಹೊಸ ತಂತಿ ಹಾಕಿದ ಬ್ರಿಡ್ಜ್ ಪಿಕಪ್ ಡ್ರೈ ಟ್ರ್ಯಾಕಿನಲ್ಲಿ ಕಿವಿಗೆ ಚುಚ್ಚಬೇಕು. ಚುಚ್ಚುತ್ತಿಲ್ಲ. ಕೇಬಲ್ ಎಷ್ಟು ಉದ್ದ?

ಸುಧೀ: 3 ಮೀಟರ್.

ಶಾಲಿನಿ: ಹಾಗಾದರೆ ಅದಲ್ಲ. ಉದ್ದ ಕೇಬಲ್ಲಿನ ಕೆಪಾಸಿಟೆನ್ಸ್ ಹೊಳಪು ತಿನ್ನುತ್ತದೆ. ಆದರೆ ಮೀಟರಿಗೆ ಸುಮಾರು 100 ಪಿಕೋಫ್ಯಾರಡ್ ಅಂದರೂ 300, ಅದು ಮಾಮೂಲು. ನಿನ್ನ ಮೇಜಿನ ಫೋಟೋ ಹಾಕು.

ಸುಧೀ: 📷 ಧೂಳು ಬಿಟ್ಟು ಉಳಿದದ್ದು ನೋಡಿ.

ಶಾಲಿನಿ: ಝೂಮ್ ಮಾಡಿದೆ. ಗಿಟಾರನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಇಂಟರ್‌ಫೇಸ್‌ನಲ್ಲಿ ಗೇನ್ ನಾಬ್ ಹತ್ತಿರ 'ಇನ್ಸ್ಟ್' (ಇನ್‌ಸ್ಟ್ರುಮೆಂಟ್) ಅಂತ ಗುಂಡಿ ಇದೆ ನೋಡು. ಅದರ ದೀಪ ಆರಿದೆ.

ಸುಧೀ: ಅದು ಯಾವತ್ತೂ ಹಾಗೇ ಇದೆ. ಸಿಗ್ನಲ್ ಬರುತ್ತಿದೆಯಲ್ಲ?

ಶಾಲಿನಿ: ಬರುತ್ತದೆ, ಅರ್ಧಂಬರ್ಧ. ಆ ಗುಂಡಿ ಒತ್ತದಿದ್ದರೆ ನೀನು ಲೈನ್ ಇನ್‌ಪುಟ್ಟಿನಲ್ಲಿದ್ದೀಯ. ಅದು ಕೀಬೋರ್ಡ್, ಮಿಕ್ಸರ್ ಥರದ ಗಟ್ಟಿ ಸಿಗ್ನಲ್ಲಿಗೆ. ಅದರ ಇಂಪೀಡೆನ್ಸ್, ಅಂದರೆ ಸಿಗ್ನಲ್ಲಿಗೆ ಒಡ್ಡುವ ತಡೆ, ಸಾಮಾನ್ಯವಾಗಿ ಹತ್ತಾರು ಸಾವಿರ ಓಮ್ ಅಷ್ಟೇ. ಬ್ಯಾಟರಿ ಇಲ್ಲದ ಗಿಟಾರ್ ಪಿಕಪ್ಪಿಗೆ 10 ಲಕ್ಷ ಓಮ್, ಅಂದರೆ 1 ಮೆಗಾಓಮ್ ಆಸುಪಾಸು ಬೇಕು. ಕಡಿಮೆ ಆದರೆ ಆ ಬಡಪಾಯಿ ಸುರುಳಿಯ ಮೇಲೆ ಹೊರೆ ಬೀಳುತ್ತದೆ, ಮೊದಲು ಹೋಗುವುದೇ ಮೇಲಿನ ಹೊಳಪು. 2ರಿಂದ 5 ಕಿಲೋಹರ್ಟ್ಸ್ ನಡುವೆ ಪಿಕಪ್ಪಿಗೆ ತನ್ನದೇ ಒಂದು ಉಬ್ಬು ಇರುತ್ತದೆ. ನಾವು ಒಂದು ಪಿಕಪ್ಪನ್ನು ಇನ್ನೊಂದರಿಂದ ಗುರುತಿಸುವುದೇ ಬಹುಪಾಲು ಆ ಉಬ್ಬಿನಿಂದ. ನಿನ್ನ ಎರಡೂ ಕ್ಲಿಪ್ಪಿನಲ್ಲಿ ಅದನ್ನು ಸವರಿ ಹಾಕಿದೆ. ಹೊಸ ಪಿಕಪ್ಪಿನಲ್ಲಿ ಸುತ್ತು ಜಾಸ್ತಿ, ಹಾಗಾಗಿ ಅದಕ್ಕೆ ಪೆಟ್ಟೂ ಜಾಸ್ತಿ.

ಗಿರಿ: ಅಂದರೆ ಒಂದು ಗುಂಡಿಗೋಸ್ಕರ ಗಿಟಾರ್ ಬಿಚ್ಚಿದ್ದಾನೆ

ರವಿ ಅಣ್ಣ: ಬೆಸುಗೆ ಚೆನ್ನಾಗಿ ಹಾಕಿದ್ದಾನಾ ಕೇಳಿ.

ಸುಧೀ: ಬೆಸುಗೆ ಫಸ್ಟ್ ಕ್ಲಾಸ್. ಮೂರು ನಿಮಿಷ ಕೊಡಿ.

ಮಂಜ: ಅಷ್ಟರಲ್ಲಿ ಒಂದು ಕೇಳುತ್ತೇನೆ. ಇಂಟರ್‌ಫೇಸ್ ತಗೊಳ್ಳುವಾಗ 192 ಕಿಲೋಹರ್ಟ್ಸ್ ಇರಲೇಬೇಕು ಅಂತ ಒಬ್ಬರು ಹೇಳಿದರು. ಹೌದಾ?

ಶಾಲಿನಿ: ಬೇಡ. 24 ಬಿಟ್, 48 ಕಿಲೋಹರ್ಟ್ಸ್ ಸಾಕು. ಅದು 24 ಕಿಲೋಹರ್ಟ್ಸ್‌ವರೆಗಿನ ಸದ್ದು ಹಿಡಿಯುತ್ತದೆ. ಗಿಟಾರ್ ಸ್ಪೀಕರ್ 5-6 ಕಿಲೋಹರ್ಟ್ಸ್ ದಾಟಿದರೆ ಕೈಚೆಲ್ಲುತ್ತದೆ. ನಿನಗೆ ಮುಖ್ಯ ಬಫರ್, ಅಂದರೆ ಕಂಪ್ಯೂಟರ್ ಒಂದು ಸಲಕ್ಕೆ ಕೂಡಿಟ್ಟುಕೊಳ್ಳುವ ಸದ್ದಿನ ತುಣುಕು. 128 ಸ್ಯಾಂಪಲ್ ಇಟ್ಟರೆ 48ರಲ್ಲಿ 2.7 ಮಿಲಿಸೆಕೆಂಡ್, 1024 ಇಟ್ಟರೆ 21 ದಾಟುತ್ತದೆ. ಅಷ್ಟು ತಡ ಆದರೆ ಡ್ರಮ್ಮರ್ ತಲೆ ಕೆಡುತ್ತದೆ.

ಮಂಜ: ಅದು ಮೊದಲೇ ಕೆಟ್ಟಿದೆ

ಸುಧೀ: ಫೈಲ್ ಹಾಕಿದೆ. ಗುಂಡಿ ಒತ್ತಿ, ಗೇನ್ ಇಳಿಸಿ.

ಗಿರಿ: ಅಯ್ಯೋ! ಇದು ಬೇರೆ ಗಿಟಾರ್!

ರವಿ ಅಣ್ಣ: ಚೆನ್ನಾಗಿದೆ. ಮಹೋಗನಿ ಅಲ್ಲದಿದ್ದರೂ.

ಸುಧೀ: ಜಾಸ್ತಿಯೇ ಚುರುಕಾಯಿತು. ಟೋನ್ ನಾಬನ್ನು 7ಕ್ಕೆ ಇಳಿಸಿ ನುಡಿಸಿದ್ದೇನೆ. ಮೊದಲು ಆ ನಾಬ್ ಮುಟ್ಟುತ್ತಲೇ ಇರಲಿಲ್ಲ. ಹಾಗಂತ ಹಳೇ ಪಿಕಪ್ ವಾಪಸ್ ಹಾಕುವುದಿಲ್ಲ, ಮೊದಲೇ ಹೇಳುತ್ತೇನೆ. ಗುಂಯ್ ಹೋಗಿದೆ.

ಶಾಲಿನಿ: ಹಾಕಬೇಡ. ಪಿಕಪ್ ಸ್ವಲ್ಪ ಕೆಳಗಿಳಿಸಿ ನೋಡು. ಕೊನೇ ಫ್ರೆಟ್ ಒತ್ತಿ ಹಿಡಿದು, ತಂತಿಗೂ ಪಿಕಪ್ಪಿಗೂ ನಡುವೆ 2 ಮಿಲಿಮೀಟರ್ ಆಸುಪಾಸು ಇಟ್ಟು ಶುರು ಮಾಡು. ಆಮೇಲೆ ಕಾಲು ಸುತ್ತು ಮೇಲೆ, ಕಾಲು ಸುತ್ತು ಕೆಳಗೆ. ಸ್ಕ್ರೂಡ್ರೈವರ್ ಒಂದೇ ಸಾಕು.

ಗಿರಿ: ನನ್ನದು ಆಕ್ಟಿವ್ ಬೇಸ್, ಬ್ಯಾಟರಿ ಇರುವುದು. ಅದಕ್ಕೂ ಆ ಗುಂಡಿ ಒತ್ತಬೇಕಾ?

ಶಾಲಿನಿ: ಒಳಗೇ ಪ್ರೀಆಂಪ್ ಇದೆ, ಹಾಗಾಗಿ ಲೈನಿನಲ್ಲೂ ಮಂಕಾಗುವುದಿಲ್ಲ. ಮೊದಲು ಗುಂಡಿ ಒತ್ತಿಯೇ ನೋಡು, ಗೇನ್ ಪೂರ್ತಿ ಇಳಿಸಿದರೂ ಕೆಂಪು ದೀಪ ಬಂದರೆ ಲೈನಿಗೆ ಹಾಕು. ಮತ್ತೆ, ರೆಕಾರ್ಡ್ ಮುಗಿದ ಮೇಲೆ ಬೇಸಿನಿಂದ ಜ್ಯಾಕ್ ಕೀಳು. ಸಿಕ್ಕಿಸಿಯೇ ಇಟ್ಟರೆ ಬ್ಯಾಟರಿ ಖಾಲಿ ಆಗುತ್ತಲೇ ಇರುತ್ತದೆ.

ಗಿರಿ: ಅದಕ್ಕೇನಾ!