ಕಡಲೆಕಾಯಿ ಹೊಲಕ್ಕೆ ಕೃಷ್ಣಮೃಗ ಬೀಳ್ತಿದೆ, ಸಂಖ್ಯೆ ಕಡಿಮೆ ಮಾಡೋಕೆ ದಾರಿ ಇದೆಯಾ?

ಮಳೆಹೊಲ_ಮಧುಗಿರಿ:
ಎಲ್ಲರಿಗೂ ನಮಸ್ಕಾರ. ಮೈದನಹಳ್ಳಿ ಕೃಷ್ಣಮೃಗ ಕಾವಲಿನಿಂದ ಎರಡು ಕಿಲೋಮೀಟರ್ ಈಚೆಗೆ ನಮ್ಮದು ಮೂರು ಎಕರೆ ಹೊಲ. ಮಳೆ ನಂಬಿ ಕಡಲೆಕಾಯಿ ಹಾಕಿದ್ದೇವೆ, ನಡುನಡುವೆ ಅಕ್ಕಡಿ ಸಾಲಿಗೆ ತೊಗರಿ. ಬಿತ್ತಿ ಹದಿನೆಂಟು ದಿನ ಆಯ್ತು. ಮೊನ್ನೆ ಬೆಳಿಗ್ಗೆ ಹೋಗಿ ನೋಡಿದರೆ ಬದುವಿನ ಕಡೆಯ ಎಂಟು ಸಾಲು ಕತ್ತರಿ ಆಡಿಸಿದ ಹಾಗೆ ಸಮವಾಗಿ ಮೇಯ್ದು ಹೋಗಿವೆ, ಹಸಿ ಮಣ್ಣಿನಲ್ಲಿ ಗೊರಸಿನ ಗುರುತು, ಅಲ್ಲಲ್ಲಿ ಹಿಕ್ಕೆ. ನಿನ್ನೆ ಸಂಜೆ ಕೂತು ಎಣಿಸಿದೆ, ಮೂವತ್ತೊಂದು. ಕರಿ ಗಂಡು ಮೂರೇ, ಉಳಿದವೆಲ್ಲ ಹೆಣ್ಣು ಮತ್ತು ಮರಿ. ನಾನು ಚಿಕ್ಕವನಿದ್ದಾಗ ಹತ್ತು ಕಂಡರೆ ಹೆಚ್ಚು.
ಇವನ್ನು ಹಿಡಿದು ಬೇರೆ ಕಡೆ ಬಿಡೋಕೆ ಆಗಲ್ವಾ? ಮರಿ ಆಗದ ಹಾಗೆ ಆಪರೇಷನ್ ಮಾಡಿಸೋದು, ಅಥವಾ ಅನುಮತಿ ತಗೊಂಡು ನಾಲ್ಕು ಹೊಡೆಯೋದು? ಬೈಯಬೇಡಿ, ಹೊಟ್ಟೆ ಉರಿದು ಕೇಳ್ತಿದ್ದೇನೆ.

ಹುಲ್ಲು_ಬಯಲು:
ಹೊಡೆಯೋ ಮಾತು ಮೊದಲು ಬಿಡಿ ಅಣ್ಣ. 1972ರ ವನ್ಯಜೀವಿ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿದೆ ಕೃಷ್ಣಮೃಗ, ಹುಲಿ ಆನೆ ಇರೋ ಪಟ್ಟಿ. ಸಿಕ್ಕಿಬಿದ್ದರೆ 3ರಿಂದ 7 ವರ್ಷ ಜೈಲು. ಬೆಳೆ ತಿಂತು ಅಂತ ಇದಕ್ಕೆ ಅನುಮತಿ ಕೊಡೋದಿಲ್ಲ.
ಆಪರೇಷನ್ನೂ ಸುಲಭ ಅಲ್ಲ. ಒಂದು ಗಂಡು ಎಷ್ಟೋ ಹೆಣ್ಣಿಗೆ ಸಾಕು, ಆದ್ದರಿಂದ ಗಂಡಿಗೆ ಮಾಡಿ ಪ್ರಯೋಜನ ಇಲ್ಲ. ಹೆಣ್ಣುಗಳನ್ನು ಒಂದೊಂದಾಗಿ ಹಿಡಿಯಬೇಕು, ಹಿಡಿದ ಗಾಬರಿಗೇ ಕೆಲವು ಸಾಯುತ್ತವೆ. ಅಮೆರಿಕದಲ್ಲಿ ಊರೊಳಗೆ ಬರೋ ಜಿಂಕೆಗಳಿಗೆ ಗರ್ಭ ತಡೆಯುವ ಚುಚ್ಚುಮದ್ದು ಹಾಕಿ ನೋಡಿದ್ದಾರೆ. ಆದರೆ ಅಲ್ಲಿ ಬೇಟೆಗೂ ಲೈಸೆನ್ಸ್ ಸಿಗುತ್ತೆ, ನಮ್ಮ ಲೆಕ್ಕ ಬೇರೆ. ಸಾಗಿಸೋದು ಮಾತ್ರ ಆಗಿದೆ. 2025ರಲ್ಲಿ ಮಧ್ಯಪ್ರದೇಶದ ಶಾಜಾಪುರ ಕಡೆ ಹೆಲಿಕಾಪ್ಟರಿನಿಂದ ಅಟ್ಟಿ, ಆಲಿಕೆ ಆಕಾರದ ದೊಡ್ಡ ಆವರಣಕ್ಕೆ ನುಗ್ಗಿಸಿ, ಎಂಟುನೂರಕ್ಕೂ ಹೆಚ್ಚು ಕೃಷ್ಣಮೃಗಗಳನ್ನು ಹೊಲಗಳಿಂದ ಸಾಗಿಸಿದರು. ಅದು ಸರ್ಕಾರ ಮಾಡೋ ಕೆಲಸ, ನಾವು ನೀವಲ್ಲ.
ನನಗೆ ಕೇಳಿದರೆ ಸಂಖ್ಯೆ ಜಾಸ್ತಿ ಅನ್ನೋದಕ್ಕಿಂತ ಜಾಗ ಕಡಿಮೆ. ಮೈದನಹಳ್ಳಿಯಲ್ಲಿ 2007ರಲ್ಲಿ ಸಂರಕ್ಷಿತ ಮೀಸಲು ಅಂತ ಘೋಷಿಸಿದ್ದು ಸುಮಾರು 800 ಎಕರೆ, ಅದರಲ್ಲೂ ಅಲ್ಲಲ್ಲಿ ನೀಲಗಿರಿ ನೆಟ್ಟಿದ್ದಾರೆ. ನೀಲಗಿರಿ ಕೆಳಗೆ ಹುಲ್ಲು ಎಲ್ಲಿ ಬರುತ್ತೆ? (ಇನ್ನೊಂದು ಮಾತು, ಇದು ನಿಜಕ್ಕೂ ಜಿಂಕೆ ಅಲ್ಲ. ಜಿಂಕೆ ಕೊಂಬು ಉದುರಿಸುತ್ತೆ, ಇದು ಉದುರಿಸಲ್ಲ.)

ಬೆಂಗಳೂರು_ಬೈಕರ್:
ಪ್ರಾಣಿಗಳ ಜಾಗದಲ್ಲಿ ನೀವು ಹೊಲ ಮಾಡಿ ಅವುಗಳ ಮೇಲೆ ದೂರು ಹೇಳಿದರೆ ಹೇಗೆ?

ಮಳೆಹೊಲ_ಮಧುಗಿರಿ:
ಸ್ವಾಮಿ, ನಮ್ಮ ಪಹಣಿಯಲ್ಲಿ ಮುತ್ತಾತನ ಹೆಸರಿದೆ. ನೀವು ಭಾನುವಾರ ಬಂದು ಫೋಟೋ ಹೊಡ್ಕೊಂಡು ಹೋಗೋ ಮೃಗ ಸೋಮವಾರ ಎಲ್ಲಿ ಮೇಯುತ್ತೆ ಅಂತ ಒಂದ್ಸಲ ನೋಡಿ.

ಪಾವಗಡದ_ಬಿಸಿಲು:
ಜಗಳ ಆಮೇಲೆ ಆಡಿ. ತಮ್ಮಾ, ನನ್ನ ಅನುಭವ ಕೇಳು. ಇದು ಬೇಲಿ ಹಾರೋದಕ್ಕಿಂತ ಕೆಳಗೆ ನುಸುಳೋದೇ ಹೆಚ್ಚು. ನಾನು ಸೋಲಾರ್ ತಂತಿ ಹಾಕಿಸಿದಾಗ ಕೆಳಗಿನ ಎಳೆ ಮೊಣಕಾಲೆತ್ತರಕ್ಕಿತ್ತು, ಮರಿ ಸಮೇತ ಆರಾಮಾಗಿ ಒಳಗೆ ಬಂದವು. ಒಂದಡಿಗೆ ಇಳಿಸಿದ ಮೇಲೆ ನಿಂತಿತು. ಆದರೆ ಕೆಳಗಿನ ಎಳೆಗೆ ಹುಲ್ಲು ತಾಗಿದರೆ ಕರೆಂಟ್ ಸೋರಿ ಝಟ್ಕಾ ಸತ್ತು ಹೋಗುತ್ತೆ, ವಾರಕ್ಕೊಮ್ಮೆ ಕುಡುಗೋಲು ಆಡಿಸಲೇಬೇಕು. ಮೂರು ಎಕರೆ ಚೌಕವಾಗಿದ್ದರೆ ಸುತ್ತಳತೆ ನಾಲ್ಕುನೂರ ನಲವತ್ತು ಮೀಟರ್ ಬರುತ್ತೆ, ಅಕ್ಕಪಕ್ಕದ ಹೊಲದವರು ಸೇರಿದರೆ ಖರ್ಚು ಹಂಚಿಹೋಗುತ್ತೆ. ಮನೆ ಲೈನಿಂದ ಮಾತ್ರ ತಂತಿಗೆ ಕೊಡಬೇಡ, ಹೊಲಕ್ಕೆ ಹೋದ ನಿಮ್ಮವರೇ ಸಾಯ್ತಾರೆ.
ದುಡ್ಡಿಲ್ಲ ಅಂದ್ರೆ ಹೊಲದ ಸುತ್ತ ಹಳೇ ಸೀರೆ ಕಟ್ಟು. ಹತ್ತು ದಿನಕ್ಕೆ ಅವಕ್ಕೆ ಅಭ್ಯಾಸ ಆಗಿಬಿಡುತ್ತೆ, ಜಾಗ ಬದಲಿಸ್ತಾ ಇರು. ಮುಂದಿನ ಸಲ ಬದುವಿನ ಸುತ್ತ ಎರಡು ಸಾಲು ಹರಳು (ಔಡಲ) ಗಿಡ ಒತ್ತಾಗಿ ಹಾಕು. ಅದನ್ನು ಬಾಯಿಗಿಡಲ್ಲ, ಬೆಳೆದ ಮೇಲೆ ಆಚೆ ಕಾಣಲ್ಲ, ಕಾಣದ ಜಾಗಕ್ಕೆ ನುಗ್ಗೋಕೆ ಇವಕ್ಕೆ ಧೈರ್ಯ ಇಲ್ಲ. ನಾಯಿ ಛೂ ಬಿಡಬೇಡ. ಮರಿ ಹಿಡಿದರೆ ಕೇಸು ನಿನ್ನ ಮೇಲೆ.

ಹುಲ್ಲು_ಬಯಲು:
ಬೆಳೆ ಹಾನಿ ಪರಿಹಾರಕ್ಕೆ ಅರ್ಜಿ ಹಾಕಿದ್ರಾ? ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್, ಫೋಟೋ ಬೇಕು. ಅರಣ್ಯದವರು ಬಂದು ಮಹಜರು ಮಾಡುವ ತನಕ ಆ ಎಂಟು ಸಾಲು ಹರಗಬೇಡಿ.

ಮಳೆಹೊಲ_ಮಧುಗಿರಿ:
ಹೋದ ವರ್ಷ ಹಾಕಿದ್ದೆ. ಪಹಣಿ ಅಪ್ಪನ ಹೆಸರಲ್ಲಿ, ಪಾಸ್‌ಬುಕ್ ನನ್ನದು ಅಂತ ವಾಪಸ್ ಕಳಿಸಿದರು, ಅಷ್ಟರಲ್ಲಿ ಕಾಯಿ ಕಿತ್ತಾಗಿತ್ತು. ಈ ಸಲ ಅಪ್ಪನನ್ನೇ ಕರ್ಕೊಂಡು ಹೋಗ್ತೇನೆ. ಅಣ್ಣಾ, ಹರಳು ಈಗ ಹಾಕಿದರೆ ತಡ ಆಯ್ತಾ?

ಪಾವಗಡದ_ಬಿಸಿಲು:
ಈ ಬೆಳೆಗೆ ತಡವಾಯ್ತು. ಸದ್ಯ ಸೀರೆ ಕಟ್ಟಿ ಹೂ ಬರೋ ತನಕ ಅಟ್ಟಣೆ ಮೇಲೆ ಮಲಗು, ಟಾರ್ಚ್ ಮರೀಬೇಡ.

ಮಳೆಹೊಲ_ಮಧುಗಿರಿ:
ಸೀರೆ ಕೇಳಿದ್ದಕ್ಕೆ ನಮ್ಮಮ್ಮ ಏಳು ಕೊಟ್ಟರು, ಒಂದು ಮದುವೆ ಸೀರೆ ಇತ್ತು, ಅದನ್ನು ವಾಪಸ್ ಪೆಟ್ಟಿಗೆಗೆ ಇಟ್ಟೆ. ಆರು ಕಟ್ಟಿದ್ದೇನೆ.