ಸಹಾಯ ಬೇಕು: 1984 ಅಕ್ಟೋಬರ್ 31, ಉಡುಪಿಯಲ್ಲಿದ್ದವ್ರು ಯಾರಾದ್ರೂ ಇದ್ದೀರಾ?

ನಮಸ್ಕಾರ ಎಲ್ರಿಗೂ. ಇಂದಿರಾ ಗಾಂಧಿ ತೀರಿಹೋದ ದಿನ ಉಡುಪಿ, ಮಣಿಪಾಲ ಕಡೆ ಇದ್ದವ್ರು ನೆನಪಿದ್ದದ್ದನ್ನು ದಯವಿಟ್ಟು ಇಲ್ಲಿ ಬರೀರಿ, ಮಗಳ ಕಾಲೇಜ್ ಪ್ರಾಜೆಕ್ಟಿಗೆ ಬೇಕಿತ್ತು, ನೆಟ್ಟಲ್ಲಿ ಹುಡುಕಿದ್ರೆ ಸಿಗೋದೆಲ್ಲ ಬರೀ ದೆಹಲಿದೇ ಮಾರಾಯ್ರೆ.

ನಾನಾಗ ಏಳನೇ ಕ್ಲಾಸ್. ಗುಂಡು ಹೊಡೆದದ್ದು ಬೆಳಿಗ್ಗೆ, ಬಿಬಿಸಿ ಬೇಗ ಹೇಳಿಬಿಟ್ಟಿತ್ತು, ಆಕಾಶವಾಣಿ ಸಾವಿನ ಸುದ್ದಿ ಹೇಳಿದ್ದು ಸಂಜೆ. ಅಷ್ಟರವರೆಗೆ ರಥಬೀದಿಯಲ್ಲಿ ಒಬ್ಬೊಬ್ರು ಒಂದೊಂದು ಹೇಳ್ತಿದ್ರು. ನಮ್ಮಪ್ಪ ರೇಡಿಯೋದ ಬಟ್ಟೆ ಕವರ್ ತೆಗ್ದು ಕಿವಿ ಹತ್ರ ಇಟ್ಕೊಂಡು ಶಾರ್ಟ್‌ವೇವ್ ಮುಳ್ಳನ್ನು ಚೂರುಚೂರೇ ತಿರುಗಿಸ್ತಾ ಇದ್ರು, ಕೊರ್ ಅನ್ನೋ ಸದ್ದಿನ ಮಧ್ಯ "ಇಂದಿರಾ" ಅಂತ ಕೇಳಿದ್ದೇ ತಡ ಅಮ್ಮ ಗಂಜಿ ಒಲೆ ಮೇಲೇ ಬಿಟ್ಟು ಓಡಿ ಬಂದ್ರು, ತಳ ಹಿಡೀತು, ಯಾರೂ ಏನೂ ಹೇಳ್ಲಿಲ್ಲ. ಬಸ್ಸಿಲ್ಲದೆ ದೊಡ್ಡಪ್ಪ ಕಾಪುವಿಂದ ನಡ್ಕೊಂಡೇ ಬಂದದ್ದು. (ಆಗ ನಮ್ಮದೂ ದಕ್ಷಿಣ ಕನ್ನಡವೇ, ಉಡುಪಿ ಜಿಲ್ಲೆ ಆದದ್ದು 1997ರಲ್ಲಿ.)

ಮತ್ತೆ, ನವೆಂಬರ್ 1ರ ಉದಯವಾಣಿ ಯಾರ ಮನೆ ಅಟ್ಟದಲ್ಲಾದ್ರೂ ಉಂಟಾ? ಮುಖಪುಟದ ಫೋಟೋ ತೆಗ್ದು ಹಾಕಿದ್ರೆ ಸಾಕು, ಪೇಪರ್ ನೀವೇ ಇಟ್ಕೊಳ್ಳಿ. ಮನೆಯಲ್ಲಿ ಹಿರಿಯರಿದ್ರೆ ಅವರತ್ರ ಕೇಳಿ ವಾಯ್ಸ್ ಮೆಸೇಜ್ ಕಳಿಸಿದ್ರೂ ಆಗ್ತದೆ, ತುಳುವಲ್ಲಿ ಹೇಳಿದ್ರೂ ಅಡ್ಡಿಲ್ಲ, ನಾನು ಬರ್ಕೊಳ್ತೇನೆ.