ಪದ ಬೇಕು: ಬೇಟೆಯ ‘ಕಾಂಪ್ಯಾಕ್ಟ್ ಕಾಂಪೌಂಡ್ ಬೋ’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಬೇಟೆಗೆ ಬಿಲ್ಲು ಕೊಳ್ಳುವವರಿಗಾಗಿ ಬರೆದ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಗ್ಗೆ ಮುದ್ರಣಕ್ಕೆ ಕೊಡಬೇಕು. ನಾಲ್ಕು ಪದ ಕೈಕೊಟ್ಟಿವೆ.

ಮೊದಲನೆಯದು ಹೆಸರೇ. ತುದಿಗಳಲ್ಲಿ ರಾಟೆ ಇಟ್ಟು ಕೇಬಲ್ ಸುತ್ತಿದ ಕಾಂಪೌಂಡ್ ಬಿಲ್ಲು. ಕರಡಿನಲ್ಲಿ ‘ಸಂಯುಕ್ತ ಬಿಲ್ಲು’ ಅಂತ ಹಾಕಿದೆ, ಓದಿದರೆ ಹಿಡಿಸುತ್ತಿಲ್ಲ. ಎರಡನೆಯದು ‘ಕಾಂಪ್ಯಾಕ್ಟ್’. ರಾಟೆಯಿಂದ ರಾಟೆಗೆ 28ರಿಂದ 32 ಇಂಚಿನ ಆಸುಪಾಸು ಇರುವ ಬಿಲ್ಲುಗಳಿಗೆ ಹೀಗನ್ನುತ್ತಾರೆ. ಪೊದೆಯಲ್ಲೋ ಮರದ ಅಟ್ಟಣೆಯಲ್ಲೋ ಕೂತವರಿಗೆ ಇದೇ ಬೇಕು, ಕೊಂಬೆಗೆ ತಗಲುವುದು ಕಡಿಮೆ. ‘ಚಿಕ್ಕ ಬಿಲ್ಲು’ ಅಂದರೆ ಮಕ್ಕಳ ಆಟದ್ದು ಅನ್ನಿಸುತ್ತೆ. ಆದರೆ ಇದನ್ನು ಎಳೆಯೋಕೆ 60-70 ಪೌಂಡ್ ಬಲ ಬೇಕಾಗಬಹುದು. ಮೂರನೆಯದು, ಆ ರಾಟೆಯಿಂದ ರಾಟೆಯ ಅಳತೆಗೆ ಹೆಸರು. ನಾಲ್ಕನೆಯದು ‘ಬ್ರೇಸ್ ಹೈಟ್’: ಬಿಲ್ಲು ಸುಮ್ನೆ ಇರುವಾಗ ಹಿಡಿಗೂ ಹೆದೆಗೂ ನಡುವೆ ಇರುವ ದೂರ.

ದಯವಿಟ್ಟು ಬೇಗ ಹೇಳಿ.

ಮರುಪತ್ರ 1

‘ಸಂಯುಕ್ತ ಬಿಲ್ಲು’ ಅರಿಸಮಾಸ, ಸಂಸ್ಕೃತ ಪದಕ್ಕೆ ಕನ್ನಡ ಪದ ಅಂಟಿಸಿದ್ದು. ಮೊದಲು ಅದನ್ನು ತೆಗೆಯಿರಿ.

ಮೂರನೆಯದಕ್ಕೆ ಹುಡುಕಾಟವೇ ಬೇಡ. ಹೆದೆ ಸಿಕ್ಕಿಸುವ ಬಿಲ್ಲಿನ ತುದಿಗೆ ‘ಕೊಪ್ಪು’ ಅನ್ನುವ ಪದ ಹಳಗನ್ನಡದಿಂದಲೂ ಇದೆ. ‘ಕೊಪ್ಪಿನಳತೆ’ ಅನ್ನಿ. ನಾಲ್ಕನೆಯದಕ್ಕೆ ‘ಹೆದೆಯೆಡೆ’. ಹೆದೆ, ಎಡೆ, ಎರಡೂ ನಮ್ಮವೇ.

ನಮ್ಮ ‘ಬಿಲ್’ ತಮಿಳಿನ ‘ವಿಲ್’, ತೆಲುಗಿನ ‘ವಿಲ್ಲು’ ಜೊತೆ ಹುಟ್ಟಿದ್ದು. ಹೆದೆ, ಅಂಬು, ಕಣೆ, ಎಸು, ಎಲ್ಲ ಮನೆಯಲ್ಲೇ ಇದೆ. ತುಂಬಿದ ಮನೆಯಲ್ಲಿ ಕೂತು ಸಾಲ ಯಾಕೆ ಕೇಳಬೇಕು?

ಮರುಪತ್ರ 2

ಕಾಂಪೌಂಡ್ ಬಿಲ್ಲು. ಮುಗೀತು. ‘ಕೊಪ್ಪು’ ಅಂದರೆ ಇವತ್ತಿನ ಓದುಗರು ಕಿವಿಯ ಒಡವೆ ಅಂದುಕೊಳ್ತಾರೆ. ಕೊಳ್ಳುವವನು ಅಂಗಡಿಯಲ್ಲಿ ಕೇಳುವ ಹೆಸರನ್ನೇ ಕೈಪಿಡಿಯಲ್ಲೂ ಹಾಕಿ.

ಮರುಪತ್ರ 3

ನಾನು ಈ ಬಿಲ್ಲನ್ನೇ ಹಿಡಿಯುವವಳು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

‘ಸಂಯುಕ್ತ’ ಬೇಡ ಅನ್ನೋದಕ್ಕೆ ಅರಿಸಮಾಸಕ್ಕಿಂತ ದೊಡ್ಡ ಕಾರಣ ಇದೆ. ಮರ, ಕೊಂಬು, ಪ್ರಾಣಿಯ ನರ ಅಂಟಿಸಿ ಮಾಡುತ್ತಿದ್ದ ಹಳೇ ಕಾಲದ ಬಿಲ್ಲು ಬೇರೆಯೇ ಇದೆ. ‘ಸಂಯುಕ್ತ’ ಅಂದರೆ ಓದುಗರ ಕಣ್ಣಿಗೆ ಅದೇ ಬರುತ್ತೆ. ಇದು ತೀರಾ ಹೊಸದು. ಅಮೆರಿಕದ ಮಿಸೌರಿಯ ಹಾಲೆಸ್ ವಿಲ್ಬರ್ ಅಲೆನ್ ಪೇಟೆಂಟಿಗೆ ಅರ್ಜಿ ಹಾಕಿದ್ದು 1966ರಲ್ಲಿ, ಸಿಕ್ಕಿದ್ದು 1969ರಲ್ಲಿ. ಅವರು ತಂದದ್ದೇ ರಾಟೆ. ಹಾಗಾಗಿ ‘ರಾಟೆಬಿಲ್ಲು’.

ರಾಟೆಯ ಅಚ್ಚು ನಟ್ಟನಡುವೆ ಇರಲ್ಲ, ಒಂದು ಪಕ್ಕಕ್ಕೆ ಇರುತ್ತೆ. ಎಳೆಯೋಕೆ ಶುರುಮಾಡಿದಾಗ ಭುಜ ನಡುಗುತ್ತೆ. ಇನ್ನೇನು ಆಗಲ್ಲ ಅನ್ನುವಾಗ ರಾಟೆ ಹೊರಳಿ ಭಾರ ಇಳಿದುಹೋಗುತ್ತೆ. 70 ಪೌಂಡಿನ ಬಿಲ್ಲು ಶೇಕಡ 80 ಇಳಿದರೆ ಕೈಗೆ ಉಳಿಯೋದು ಬರೀ 14 ಪೌಂಡ್. ಪ್ರಾಣಿ ಮಗ್ಗುಲು ತಿರುಗಿಸುವವರೆಗೆ ಎಳೆದುಕೊಂಡೇ ಕಾಯಬಹುದು. ಇದರ ಪದ ನೀವು ಕೇಳಲಿಲ್ಲ, ಆದರೆ ಬೇಕಾಗುತ್ತೆ: ‘ಭಾರ ಇಳಿತ’.

‘ಕೊಪ್ಪು’ ನನಗೂ ತುಂಬಾ ಇಷ್ಟ. ಆದರೆ ಇಲ್ಲಿ ಹೆದೆ ಬಿಲ್ಲಿನ ತುದಿಯಲ್ಲಿ ಕೂರುವುದೇ ಇಲ್ಲ, ರಾಟೆಯ ಮೇಲೆ ಕೂರುತ್ತೆ. ಅಳೆಯೋದು ಅಚ್ಚಿನಿಂದ ಅಚ್ಚಿಗೆ. ಗಾಡಿಯ ಅಚ್ಚು ಎಲ್ಲರಿಗೂ ಗೊತ್ತು ಅಲ್ವಾ? ‘ಅಚ್ಚಿನಳತೆ’ ಸಾಕು.

‘ಹೆದೆಯೆಡೆ’ ಕಣ್ಣುಮುಚ್ಚಿ ತಗೊಳ್ಳಿ. ‘ಎತ್ತರ’ ಅಂತ ಮಾತ್ರ ಹಾಕಬೇಡಿ. ಹೆದೆಯೆಡೆ 6 ಇಂಚಿದ್ದರೆ ಅಂಬು ಜಾಸ್ತಿ ಹೊತ್ತು ಹೆದೆಗೆ ಅಂಟಿಕೊಂಡು ಸಾಗುತ್ತೆ. ವೇಗ ಹೆಚ್ಚು, ಕೈ ಅಲುಗಿದರೆ ಗುರಿ ತಪ್ಪುವುದೂ ಹೆಚ್ಚು. 7 ಇಂಚಿನದು ಕೈಯ ಅಲುಗಾಟವನ್ನು ಸ್ವಲ್ಪ ತಡೆದುಕೊಳ್ಳುತ್ತೆ.

‘ಕಾಂಪ್ಯಾಕ್ಟ್’ಗೆ ‘ಗಿಡ್ಡ’. ‘ಅಡಕ’ ಅಂದರೆ ಮಡಚುವಂಥದ್ದು ಅನ್ನಿಸುತ್ತೆ, ‘ಮೋಟು’ ಅಂದರೆ ತುಂಡಾದದ್ದು. ಗಿಡ್ಡ ಬಿಲ್ಲನ್ನು ಪೂರ್ತಿ ಎಳೆದಾಗ ಹೆದೆ ಚೂಪಾಗಿ ಮಡಿಯುತ್ತೆ, ಬೆರಳಲ್ಲಿ ಹಿಡಿದರೆ ಚಿವುಟುತ್ತೆ. ಅದಕ್ಕೇ ಮಣಿಕಟ್ಟಿಗೆ ಕಟ್ಟುವ ರಿಲೀಸ್ ಬಳಸುವುದು, ಬೆರಳಿನ ಬದಲು ಹೆದೆ ಹಿಡಿದು ಬಿಡುವ ಕೊಂಡಿ ಅದು. ‘ರಿಲೀಸ್’ ಹಾಗೇ ಇರಲಿ.

ಕರಡಿನಲ್ಲಿ ಎಲ್ಲಾದರೂ ‘ಹೆದೆಯೇರಿಸಿ’ ಅಂತಿದ್ದರೆ ಈಗಲೇ ಹೊಡೆದುಹಾಕಿ. ರಾಟೆಬಿಲ್ಲಿನ ಹೆದೆ ಏರಿಯೇ ಇರುತ್ತೆ. ಅದನ್ನು ಬಿಚ್ಚೋಕೆ ಬಿಲ್ಲನ್ನು ಒತ್ತಿ ಬಗ್ಗಿಸುವ ಬೇರೆ ಪ್ರೆಸ್ ಬೇಕು. ಕೈಯಲ್ಲಿ ಬಿಚ್ಚೋಕೆ ಹೋದವರಿಗೆ ಪೆಟ್ಟಾಗುತ್ತೆ. ‘ಹೆದೆ ಎಳೆದು’ ಅಂತ ಬರೆಯಿರಿ.

ಮರುಪತ್ರ 4 (ಮೊದಲ ಮರುಪತ್ರದವರು)

‘ಅಚ್ಚು’ ಸಂಸ್ಕೃತದ ‘ಅಕ್ಷ’ದ ತದ್ಭವ. ‘ರಿಲೀಸ್’ ಅಂತೂ ಇಂಗ್ಲಿಷೇ. ಕೊಪ್ಪನ್ನು ಕಿವಿಗೆ ಬಿಟ್ಟುಕೊಟ್ಟು ಇವನ್ನೆಲ್ಲ ಒಳಗೆ ಕರೆಯುವುದಾದರೆ ಕನ್ನಡಕ್ಕೆ ತರುವುದಾದರೂ ಏಕೆ? ಪದ ಬಳಸಿದರೆ ತಾನೇ ಓದುಗರ ನಾಲಿಗೆಗೆ ಬರುವುದು?

ಮರುಪತ್ರ 5

ಅಕ್ಷರ ಅಕ್ಕರ ಆಯಿತು, ಪಕ್ಷಿ ಹಕ್ಕಿ ಆಯಿತು. ‘ಕ್ಷ’ ಹೋಗಿ ‘ಕ್ಕ’ ಬರಬೇಕು. ‘ಅಚ್ಚು’ ನಮ್ಮದೇ.

ಮರುಪತ್ರ 6 (ಮೊದಲ ಮರುಪತ್ರದವರು)

ಲಕ್ಷ್ಮಿ ಲಚ್ಚಿ ಆಗಲಿಲ್ಲವೇ? ನೋಡಿ ಬರೆಯಿರಿ.

ಮರುಪತ್ರ 7

ತದ್ಭವ ಆದರೇನು? ಗಾಡಿ ಹೊಡೆಯುವವರು ನೂರಾರು ವರ್ಷ ಬಳಸಿದ ಮೇಲೆ ಅದು ಕನ್ನಡವೇ. ಹುಟ್ಟು ನೋಡಿ ಪದ ತಳ್ಳುತ್ತಾ ಹೋದರೆ ನಾಳೆ ‘ಅಕ್ಕರ’ವನ್ನೂ ತಳ್ಳಬೇಕಾಗುತ್ತೆ.

ಮರುಪತ್ರ 8 (ಕೇಳಿದವರು)

ಎಲ್ಲರಿಗೂ ಋಣಿ. ಹೀಗೆ ಹಾಕುತ್ತಿದ್ದೇನೆ: “ಗಿಡ್ಡ ರಾಟೆಬಿಲ್ಲು ಕೊಳ್ಳುವ ಮುಂಚೆ ನಿಮ್ಮ ಎಳೆತದ ಉದ್ದ ಅಳೆಸಿಕೊಳ್ಳಿ. ಆಮೇಲೆ ಅಚ್ಚಿನಳತೆ, ಹೆದೆಯೆಡೆ, ಭಾರ ಇಳಿತ ನೋಡಿ.” ಮೊದಲ ಸಲ ಮಾತ್ರ ‘ಕಾಂಪೌಂಡ್ ಬಿಲ್ಲು, ಅಂದರೆ ರಾಟೆಬಿಲ್ಲು’ ಅಂತ ಇರುತ್ತೆ. ‘ಕೊಪ್ಪು’ ಕೈಬಿಟ್ಟಿಲ್ಲ ಸರ್. ರಾಟೆ ಇಲ್ಲದ ಬಿಲ್ಲುಗಳ ಅಧ್ಯಾಯಕ್ಕೆ ಅದನ್ನೇ ತೆಗೆದುಕೊಂಡಿದ್ದೇನೆ. ‘ಹೆದೆಯೇರಿಸಿ’ ಮೂರು ಕಡೆ ಇತ್ತು, ತೆಗೆದೆ.

ಇನ್ನೊಂದು ಉಳಿದಿದೆ. ಗುಂಡಗಿನ ರಾಟೆಗೂ ಮೊಟ್ಟೆಯಾಕಾರದ ‘ಕ್ಯಾಮ್’ಗೂ ಒಂದು ಕಡೆ ಬೇರೆ ಬೇರೆ ಹೆಸರು ಬೇಕು. ‘ಸೊಟ್ಟರಾಟೆ’ ಅನ್ನಬಹುದೇ? ಬೆಳಗ್ಗೆ ಎಂಟರವರೆಗೆ ಕಾಯುತ್ತೇನೆ.